ಹೆಣ್ಣು ನೋಡಲು ಹೋದ ಹತ್ತು ಮಂದಿ

ಮೂರನೇ ಇಯತ್ತೆಗೆ ಸಾಲಿ ಬಿಟ್ಟು ನೇಗಿಲು ಹಿಡಿದವ ನಾನು. ಹಾಗಂತ ಲೆಕ್ಕದಲ್ಲಿ ನನ್ನನ್ನು ಯಾರೂ ಏಮಾರಿಸಿದ್ದಿಲ್ಲ. ಆದರೆ ಅದೇ ಲೆಕ್ಕ ಒಮ್ಮೆ ನನ್ನನ್ನು ಬೇವಿನ ಗಿಡದ ಬುಡಕ್ಕೆ ಕೂಡಿಸಿತು.

ನಮ್ಮ ಮನೆತನದಲ್ಲಿ ಹೆಣ್ಣು ನೋಡಲು ಬೆಸ ಮಂದಿಯೇ ಹೋಗಬೇಕು. ಸರಿ ಮಂದಿ ಹೋದರೆ ಸಂಬಂಧ ಕೂಡುವುದಿಲ್ಲ. ಅದಕ್ಕೇ ನಮ್ಮೂರು ಉಟಗಿಯಿಂದ ಅಪ್ಪ ತನ್ನನ್ನೂ ನನ್ನನ್ನೂ ಸೇರಿಸಿ ಐದು ಮಂದಿಯನ್ನು ಹೊರಡಿಸಿದ. ಸೊರಡಿಯಿಂದ ಸೋದರಮಾವನೂ ಅಷ್ಟೇ ಜಾಣತನದಿಂದ ತಾನೂ ಸೇರಿ ಐದು ಮಂದಿ ಆಗುವಂತೆ ಕರಕೊಂಡು ಬಂದ. ವಳಸಂಗದಲ್ಲಿ ಹೆಣ್ಣಿನವರ ಅಂಗಳದ ಮುಂದೆ ಎರಡೂ ದಂಡು ಕೂಡಿದವು. ಹತ್ತು!

"ಒಬ್ಬರು ಹೊರಗ ಕುಂದರ್ರಿ" ಎಂದ ಅಪ್ಪ.

"ನಿಮ್ಮವರ ಕುಂದರ್ಲಿ. ನಮ್ಮವರೇನು ಕಡಿಮಿ?" ಎಂದ ಮಾವ. ಆಮೇಲೆ ತಾನೇ ನ್ಯಾಯ ಹೇಳಿದ: "ನಿಮ್ಮವ ಒಬ್ಬ, ನಮ್ಮವ ಒಬ್ಬ. ಮುಗೀತಲ್ಲ?"

ನನ್ನ ಬಾಯಿ ಸುಮ್ಮನಿರಲಿಲ್ಲ. "ಮಾವಾ, ಆಗ ನಾಕು ನಾಕು ಎಂಟು. ಬೆಸಕ್ಕ ಬೆಸ ಕೂಡಿದ್ರೂ ಸರಿ, ಸರಿಗೆ ಸರಿ ಕೂಡಿದ್ರೂ ಸರಿ. ಐದೆರಡ್ಲೆ ಹತ್ತು, ಅದೂ ಸರಿ. ಇನ್ನೊಂದೂರಿಂದ ಐದು ಮಂದಿ ಬಂದಿದ್ರ ಐದಮೂರ್ಲೆ ಹದಿನೈದು, ಬೆಸ ಆಗತಿತ್ತು."

"ಭಾಳ ಶಾಣ್ಯಾ ಇದ್ದಿ. ಹಂಗಾರ ನೀನ ಹೊರಗ ಕುಂದ್ರು, ಒಂಬತ್ತು ಆಗತೈತಿ" ಎಂದ ಮಾವ.

ಅಪ್ಪನೂ ತಲೆದೂಗಿದ. ಹುಡುಗಿಯ ಮುಖ ನೋಡದೆ ಹೂಂ ಅನ್ನುವುದಿಲ್ಲವೆಂದು ಮನೆಯಲ್ಲಿ ಹಟ ಹಿಡಿದು ಬಂದಿದ್ದ ನನ್ನನ್ನೇ ಅಂಗಳದ ಬೇವಿನ ಗಿಡದ ಕೆಳಗೆ ಬಿಟ್ಟು ಎಲ್ಲರೂ ಒಳಗೆ ಹೋದರು. ಅವಲಕ್ಕಿ ಒಗ್ಗರಣೆಯ ವಾಸನೆ ಮಾತ್ರ ಹೊರಗೆ ಬಂತು.

ಸ್ವಲ್ಪ ಹೊತ್ತಿಗೆ ಹುಡುಗಿಯ ಅಜ್ಜಿಯ ದನಿ ಕೇಳಿಸಿತು: "ಬರೇ ಹಿರ್ಯಾರ ಬಂದೀರಿ. ಮದಿಮಗ ಯಾರು ಅಂತ ಕೇಳಾಕತ್ತಾಳ್ರಿ ನಮ್ಮ ಹುಡುಗಿ."

"ಗಿಡದ ಬುಡಕ ಕುಂತಾನ್ರಿ" ಎಂದ ಅಪ್ಪ.

"ಯಾಕ್ರಿ, ಕಚ್ಚತಾನೇನು? ಹುಡುಗನ್ನ ನೋಡದ ಒಲ್ಲೆ ಅಂತಾಳ ಈಕಿ. ಲಗೂನ ಕರೀರಿ."

ಕರೆದರು. ನಾನು ಹೊಸ್ತಿಲ ಹೊರಗೇ ನಿಂತೆ. "ನಾ ಬಂದ್ರ ಮತ್ತ ಹತ್ತು ಆಗತೈತ್ರಿ. ಒಬ್ಬರು ಎದ್ದು ಬರ್ರಿ" ಎಂದು ಮಾವನನ್ನೇ ನೋಡಿದೆ. ಉಳಿದವರೂ ಅವನನ್ನೇ ನೋಡಿದರು.

ಮಾವ ಎದ್ದ. ಅವಲಕ್ಕಿಯ ತಾಟು ಮಾತ್ರ ಬಿಡಲಿಲ್ಲ. "ನಿನ್ನ ಲೆಕ್ಕಕ್ಕ ಬೆಂಕಿ ಬೀಳ್ಲಿ" ಎನ್ನುತ್ತ ನನ್ನನ್ನು ದಾಟಿ ಹೊರಗೆ ಹೋದ.

ಒಳಗೆ ಕಾಲಿಟ್ಟೆ. ಹುಡುಗಿ ತಲೆ ಬಗ್ಗಿಸಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ತಡೆದ ನಗುವಿಗೆ ಭುಜ ಎರಡೂ ಕುಣಿಯುತ್ತಿದ್ದವು.

ಅಜ್ಜಿ ಅವಳನ್ನು ನೋಡಿ, ನನ್ನನ್ನು ನೋಡಿ, "ಇನ್ನೇನು ಕೇಳೂದೈತಿ? ಎಲ್ಲಾರ ಬಾಯಿ ಸಿಹಿ ಆಗ್ಲಿ, ಸಕ್ರಿ ತರ್ರಿ" ಎಂದಳು.