ಅಕ್ಕನನ್ನು ಬಿಟ್ಟುಕೊಟ್ಟ ವರ್ಷ

ತೆಲುಗು ಸೀಮೆಯ ಪೆಂಡುರ್ತಿಯ ಕಾಲೊನಿಯಲ್ಲಿ ನಮ್ಮ ಬ್ಲಾಕಿನ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ ಅಂದರೆ ಅಕ್ಕ, ಅಷ್ಟೇ. ಹಾಸನದ ಕಡೆಯವಳು, ಆರಡಿಗೆ ಸ್ವಲ್ಪ ಕಮ್ಮಿ, ಗಂಡ ನೌಕಾಪಡೆಯಲ್ಲಿ. ಹೆಸರಿಗೆ ಕ್ಯಾಪ್ಟನ್ ನಾನು. ನಾನೂ ಹಾಸನದವಳೇ ಆದ್ದರಿಂದ ಕೋರ್ಟಿನಲ್ಲಿ ನಮ್ಮ ಕೂಗಾಟವೆಲ್ಲ ಕನ್ನಡದಲ್ಲೇ. "ಎಡಕ್ಕೆ ಕೊಡೇ" ಅಂದರೆ ಎದುರಿನವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಭಾರೀ ಬುದ್ಧಿವಂತರು ನಾವು ಅಂದುಕೊಂಡಿದ್ದೆವು.

ಒಂದು ಸಲ ವಿಜಯವಾಡದ ಪಂದ್ಯಾವಳಿಗೆ ಕಾಲೊನಿಯ ಎಲ್ಲ ಬ್ಲಾಕಿನವರೂ ಹೋದೆವು. ಅಲ್ಲಿನ ಭವಾನಿಪುರಂ ಬಡಾವಣೆಯ ಬಿಸಿಲಲ್ಲಿ ಅಕ್ಕ ಒಬ್ಬಳೇ ಪಾಯಿಂಟು ತಂದಳು, ನಾವು ಮಾತ್ರ ಮಣ್ಣು ಮುಕ್ಕಿದೆವು. ಅವಳನ್ನು ಎದುರಾಳಿಗಳು ಮುತ್ತಿಕೊಂಡಾಗ "ಬಲಕ್ಕೆ ಓಡ್ರೇ" ಅಂತ ಗಂಟಲು ಹರಿದುಕೊಂಡೆ. ನಮ್ಮವರೇ ಆದ ಉಳಿದ ಮೂವರು ನಿಂತಲ್ಲೇ ನಿಂತಿದ್ದರು. ಮೂವರೂ ತೆಲುಗಿನವರು. ಅವರಿಗೂ ಕನ್ನಡ ಬರೋದಿಲ್ಲ ಅನ್ನೋದು ನಮಗೆ ಹೊಳೆದೇ ಇರಲಿಲ್ಲ, ನೋಡಿ.

ನಮ್ಮ ಕಾಲೊನಿಯಲ್ಲೊಂದು ಪದ್ಧತಿ. ವರ್ಗವಾಗಿ ಹೊಸ ಕುಟುಂಬಗಳು ಬಂದಾಗ, ಹಿಂದಿನ ವರ್ಷ ಕೊನೆಗೆ ಬಂದ ತಂಡವೇ ಮೊದಲು ಆಟಗಾರ್ತಿಯನ್ನು ಆರಿಸಿಕೊಳ್ಳಬೇಕು. ಮೊಬೈಲಿನಲ್ಲಿ ಅಮೆರಿಕದ ಆಟ ನೋಡುವ ಯಾರೋ ಅದಕ್ಕೆ ಡ್ರಾಫ್ಟ್ ಅಂತ ಹೆಸರಿಟ್ಟಿದ್ದರು. ಕೊನೆಯ ಸ್ಥಾನವಂತೂ ನಮ್ಮ ಸ್ವಂತ ಆಸ್ತಿ. ಆ ವರ್ಷ ಪಕ್ಕದ ಬ್ಲಾಕಿನ ಕ್ಯಾಪ್ಟನ್ ಬಂದು, "ನಿಮ್ಮ ಅಕ್ಕನ್ನ ನಮಗೆ ಕೊಡಿ, ಆರಿಸೋ ನಮ್ಮ ಸರದಿಯನ್ನೂ ನೀವೇ ತಗೊಳ್ಳಿ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಅಕ್ಕನೇನು ಹಳೇ ಫ್ರಿಜ್ಜಾ, ಎಕ್ಸ್‌ಚೇಂಜ್ ಮಾಡೋಕೆ?

ಅಕ್ಕ ಮಂಡಿಗೆ ಎಣ್ಣೆ ತಿಕ್ಕುತ್ತಾ ಎಲ್ಲ ಕೇಳಿದಳು.

"ಕೊಟ್ಬಿಡೇ," ಅಂದಳು. "ನಾನಿರೋವರೆಗೂ ಆ ಹುಡುಗಿಯರು ಬಾಲ್ ಮುಟ್ಟಲ್ಲ."

"ನೀನು ಹೋದ್ರೆ ಕೋರ್ಟಲ್ಲಿ ನಾನು ಯಾರ ಹತ್ರ ಮಾತಾಡ್ಲಿ?"

"ಮನೆಗೆ ಬಂದು ಮಾತಾಡು. ಕೋರ್ಟಲ್ಲಿ ಆಡು."

ಒಪ್ಪಿಕೊಂಡು ಮನೆಗೆ ಬಂದು ಅತ್ತುಬಿಟ್ಟೆ. ತವರಿನವರನ್ನೇ ಕಳಿಸಿಕೊಟ್ಟಷ್ಟು ಸಂಕಟವಾಯಿತು.

ಇಬ್ಬರು ಹೊಸಬರನ್ನು ಆರಿಸಿದೆ. ಒಬ್ಬಳು ಶ್ರೀಕಾಕುಳಂ ಕಡೆಯಿಂದ ಬಂದ ಸೊಸೆ, ಇನ್ನೊಬ್ಬಳು ಕಾಲೇಜು ಹುಡುಗಿ. ವಿಧಿಯಿಲ್ಲದೆ ನನ್ನ ಹರಕು ತೆಲುಗಿನಲ್ಲೇ ಕೂಗತೊಡಗಿದೆ. ಹೊಸಬರು, ಹಳಬರು ಎಲ್ಲರೂ ಬಿದ್ದು ಬಿದ್ದು ನಕ್ಕರು, ಹಾಗಲ್ಲ ಹೀಗೆ ಅಂತ ತಿದ್ದಿದರು. ತಿದ್ದುತ್ತಾ ತಿದ್ದುತ್ತಾ ಅವರೂ ಕೂಗೋದು ಕಲಿತರು.

ಅಕ್ಕನ ಹೊಸ ತಂಡದ ಮೇಲೆ ಆಡುವ ದಿನ ಬಂತು. ಚೆಂಡು ನನ್ನ ಕೈಯಲ್ಲಿ, ಎದುರಿಗೆ ಎರಡೂ ಕೈ ಎತ್ತಿ ಅಕ್ಕ. ಅವಳನ್ನು ದಾಟೋದು ನನ್ನಿಂದಾಗೋ ಕೆಲಸವಲ್ಲ. ಆಗ ಬಲಗಡೆಯಿಂದ ದನಿ ಬಂತು: "ಅಕ್ಕಾ, ನಾಕಿವ್ವಂಡಿ." ನನಗೆ ಕೊಡಿ ಅಂತ, ಅಕ್ಕ ಅಂದದ್ದೂ ನನ್ನನ್ನೇ. ಹೊಸಬರ ದನಿಯಲ್ಲ. ವಿಜಯವಾಡದಲ್ಲಿ ನಿಂತೇ ಇದ್ದ ಮೂವರಲ್ಲಿ ಒಬ್ಬಳು. ಇಷ್ಟು ವರ್ಷ ಜೊತೆಗೆ ಆಡಿ, ಅವಳು ಚೆಂಡು ಕೇಳಿದ್ದು ಅದೇ ಮೊದಲು.

ಕೊಟ್ಟೆ. ಬುಟ್ಟಿಗೆ ಬೀಳಲಿಲ್ಲ. ಅವಳು ಮತ್ತೆ ಕೇಳಿದಳು.