ಅವ್ವನ ಐದು ಹುಣಸೆ ಬೀಜ

ಹುಣಸೆಹಣ್ಣು ಬಡಿದು ಬೀಜ ಬಿಡಿಸುವಾಗ ಏಳುವ ಹುಳಿ ವಾಸನೆ ಮೂಗಿಗೆ ಬಿದ್ದರೆ ಎಲ್ಲರ ಬಾಯಲ್ಲಿ ನೀರೂರುತ್ತದೆ, ನನಗೆ ಸಿಟ್ಟು ಬರುತ್ತದೆ. ಪುಣೆಯ ಸದಾಶಿವ ಪೇಟೆಯ ಹತ್ತಾರು ಸಂಸಾರಗಳಿದ್ದ ಹಳೇ ವಾಡೆಯಲ್ಲಿ ನಮ್ಮವು ಎರಡು ಖೋಲಿ, ಒಂದು ಅಡುಗೆಗೆ, ಒಂದು ಮಲಗಲು. ಪಕ್ಕದ ಖೋಲಿಯಲ್ಲಿ ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಒಬ್ಬರೇ ಇರುತ್ತಿದ್ದರು. ಅವರ ಊಟ ಮಾತ್ರ ನಮ್ಮಲ್ಲಿ. ಅವ್ವ ಬೇಸಿಗೆಯಲ್ಲಿ ವರ್ಷದ ಹುಣಸೆ ಬಿಡಿಸಿ, ಬೀಜ ತೊಳೆದು, ಮೊರದಲ್ಲಿ ಒಣಗಿಸಿ ಡಬ್ಬಿ ತುಂಬಿಡುತ್ತಿದ್ದಳು. ಆ ಬೀಜ ಚೌಕಾಬಾರಕ್ಕಲ್ಲ, ಸಿನಿಮಾಕ್ಕೆ. ನಾಲ್ಕು ಮಂದಿ ಥೇಟರಿಗೆ ಹೋಗುವ ಶಕ್ತಿ ನಮಗಿರಲಿಲ್ಲ. ಟೀವಿ, ಸೀಡಿ ಹಾಕುವ ಪೆಟ್ಟಿಗೆ ಎರಡೂ ದೊಡ್ಡಪ್ಪನವು. ವಾರಕ್ಕೊಂದು ಸಿನಿಮಾ ಅಪ್ಪ ಬಾಡಿಗೆಗೆ ತರುತ್ತಿದ್ದ, ಒಂದೊಂದಕ್ಕೆ ಎರಡು ಸೀಡಿ. ರವಿವಾರ ಮುಂಜಾನೆ ಹತ್ತಕ್ಕೆ ಎಲ್ಲರೂ ದೊಡ್ಡಪ್ಪನ ಖೋಲಿಯಲ್ಲಿ ಸೇರಿ ಕೂತರೆ, ಸಿನಿಮಾ ಮುಗಿದ ಮೇಲೆ ಒಬ್ಬೊಬ್ಬರ ಕೈಗೆ ಐದೈದು ಬೀಜ. ಸಿನಿಮಾ ಎಷ್ಟು ಹಿಡಿಸಿತೋ ಅಷ್ಟು ಬೀಜ ಸ್ಟೀಲ್ ತಂಬಿಗೆಗೆ ಟಣ್ ಟಣ್ ಎಂದು ಹಾಕಬೇಕು. ಎಷ್ಟು ಬಿದ್ದವೆಂದು ಅಪ್ಪ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ನನ್ನ ತಮ್ಮ ವಿನೂ ಹೊಡೆದಾಟ ಇದ್ದರೆ ಕಣ್ಣು ಮುಚ್ಚಿ ಐದೂ ಹಾಕುವವನು. ದೊಡ್ಡಪ್ಪ ಎಂಥ ಸಿನಿಮಾಕ್ಕೂ ಎರಡರ ಮೇಲೆ ಹೋದವರಲ್ಲ.

ನಿಯಮ ಮಾಡಿದ್ದೂ ಅವರೇ. "ಪೂರ್ತಿ ನೋಡದವ್ರಿಗೆ ಬೀಜಿಲ್ಲ." ಕೇಳಲು ನ್ಯಾಯವಾಗಿಯೇ ಇದೆ, ಅಲ್ಲವೇ? ಆದರೆ ಸಿನಿಮಾ ಮುಗಿದ ತಕ್ಷಣ ದೊಡ್ಡಪ್ಪನಿಗೆ ತಾಟಿನಲ್ಲಿ ಹೊಗೆಯಾಡುವ ಬಿಸಿ ರೊಟ್ಟಿ ಬೇಕು. ಆರಿದ ರೊಟ್ಟಿ ಕಂಡರೆ ತಾಟು ಸರಿಸಿ ಎದ್ದುಬಿಡುತ್ತಿದ್ದರು. ಹಾಗಾಗಿ ಮೊದಲನೇ ಸೀಡಿ ಮುಗಿದು, ಅವರು ಎರಡನೆಯದನ್ನು ಅಂಗಿಯ ತುದಿಯಿಂದ ಒರೆಸತೊಡಗಿದರೆ ಸಾಕು, ಅವ್ವ ಸೆರಗು ಸಿಕ್ಕಿಸಿ ಒಲೆಯ ಕಡೆ ನಡೆಯುವಳು. ಆ ಕಡೆಯಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ, ಈ ಕಡೆ ನಮ್ಮ ನಗು, ಅಳು. ನಾನು ಹುಟ್ಟಿದಾಗಿನಿಂದ ಅವಳು ಒಂದೇ ಒಂದು ಸಿನಿಮಾದ ಕೊನೆ ಕಂಡಿರಲಿಲ್ಲ. ಬಡಿಸುವಾಗ ಮೆಲ್ಲಗೆ ಕೇಳುವಳು, "ಕಡೀಕ ಏನಾತ್ರಿ?" ದೊಡ್ಡಪ್ಪ ತುತ್ತು ಮುರಿಯುತ್ತ ಪ್ರತಿ ಸಲವೂ ಅದನ್ನೇ ಹೇಳುವರು: "ಎಲ್ಲಾರೂ ಸತ್ರು." ಮದುವೆಯಲ್ಲಿ ಮುಗಿದ ಸಿನಿಮಾಕ್ಕೂ ಅದೇ ಉತ್ತರ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ತಾನೇ ತೊಳೆದು ಒಣಗಿಸಿದ ಬೀಜಗಳಲ್ಲಿ ಒಂದನ್ನೂ ತಂಬಿಗೆಗೆ ಹಾಕದ ಅವ್ವನನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈ ದೊಡ್ಡಪ್ಪನಿಗೆ ಒಂದು ದಿನ ಸರಿಯಾಗಿ ಮಾಡುತ್ತೇನೆ ಎಂದು ಹನ್ನೆರಡರ ವಯಸ್ಸಿನಲ್ಲಿ ಪಣ ತೊಟ್ಟಿದ್ದೆ.

ಆ ದಿನ ಬಂತು. ಅವ್ವನ ತಮ್ಮ, ವಿಜಾಪುರದ ಮಾಮಾ, ಶನಿವಾರ ಬಂದವನು ಚೀಲದಿಂದ ಒಂದು ಕನ್ನಡ ಸಿನಿಮಾದ ಸೀಡಿ ಡಬ್ಬಿ ತೆಗೆದ. "ಅಕ್ಕಾ, ನಿನಗಂತನ ತಂದೀನಿ. ಗೆಳ್ಯಾಂದು, ಸೋಮವಾರ ವಾಪಸ್ ಒಯ್ಯಬೇಕು" ಅಂದ. ಪುಣೆಯ ಅಂಗಡಿಗಳಲ್ಲಿ ಕನ್ನಡ ಸೀಡಿ ಎಲ್ಲಿ ಸಿಗಬೇಕು? ಅವ್ವನಿಗೆ ಹಿಂದಿ ಅರ್ಧಂಬರ್ಧ. ಅವಳು ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡಪ್ಪ ಡಬ್ಬಿ ಕಸಿದುಕೊಂಡು, "ಹುಡುಗ ಇದ್ದಾಗ ಊರಾಗ ಅರ್ಧಾ ನೋಡಿದ್ದೆ. ಟೆಂಟಿಗೆ ಗಾಳಿ ಹೊಡದು ಶೋ ನಿಂತ್ಹೋತು. ಕಡೀಕ ಏನಾತೋ ಇವತ್ತಿಗೂ ಗೊತ್ತಿಲ್ಲ" ಅಂದರು. ನನಗೆ ಬೇಕಾದ್ದು ಅಷ್ಟೇ. ಅವ್ವನಿಗೆ ಹೇಗೂ ಅರ್ಧವೇ. ಅವಳಿಗೆ ಇಲ್ಲದ ಇನ್ನರ್ಧ ಇವರಿಗೂ ಬೇಡ. ರವಿವಾರ ಅವರು ಸ್ನಾನಕ್ಕೆ ಹೋದಾಗ ಎರಡನೇ ಸೀಡಿ ತೆಗೆದು ನನ್ನ ಪಾಟೀಚೀಲದ ಭೂಗೋಳದ ಪುಸ್ತಕದೊಳಗೆ ಸೇರಿಸಿ, ಮಳ್ಳಿಯಂತೆ ಬಂದು ಕೂತೆ.

ಮೊದಲರ್ಧ ಮುಗಿಯಿತು. ದೊಡ್ಡಪ್ಪ ಡಬ್ಬಿ ತೆರೆದರು, ಖಾಲಿ. ಅವರ ಮುಖ ನೋಡುವಂತಿತ್ತು! ಹಾಸಿಗೆ ಝಾಡಿಸಿದರು, ಟ್ರಂಕು ಬೋರಲು ಹಾಕಿದರು, ಆ ಭಾರೀ ದೇಹ ಕಾಟಿನ ಕೆಳಗೆ ತೆವಳಿ ಜೇಡರ ಬಲೆ ಮೆತ್ತಿಕೊಂಡು ಹೊರಬಂತು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆಗ ಕಣ್ಣು ಗೋಡೆಯ ಕಡೆ ಹೋಯಿತು. ಅವ್ವ ಎದ್ದಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತೇ ಇದ್ದಳು. "ನಸುಕಿನ್ಯಾಗ ಎದ್ದು ಖಡಕ್ ರೊಟ್ಟಿ ಮಾಡಿಟ್ಟೀನ್ರಿ, ಅವು ಆರಿದ್ರ ಚಿಂತಿಲ್ಲ. ಇವತ್ತೊಂದ್ ದಿನ ಪೂರಾ ನೋಡ್ತೀನಿ" ಅಂದಳು. ಅವಳ ಅರೆಮುಚ್ಚಿದ ಮುಷ್ಟಿಯಲ್ಲಿ ಐದು ಬೀಜ ಕಂಡವು. ಚೀಲ ನಮ್ಮ ಖೋಲಿಯಲ್ಲೇ ಇತ್ತು, ಹತ್ತು ಹೆಜ್ಜೆ. ಸೀಡಿ ತರಲು ಏಳಬೇಕೆಂದುಕೊಂಡೆ. ಅಷ್ಟರಲ್ಲಿ ದೊಡ್ಡಪ್ಪ, "ಹೆಂಗಸರು ಕಸಾ ಹೊಡಿಯೋವಾಗ ಎಲ್ಲೆರೆ ಒಗದಿರ್ತಾರ" ಎಂದು ಅವ್ವನತ್ತ ಕೈ ಮಾಡಿದರು. ನನ್ನ ಸಿಟ್ಟು ನೆತ್ತಿಗೇರಿತು. ಸಾಯಲಿ, ಇವರು ಕೊನೆ ನೋಡಬಾರದು ಎಂದು ಹಲ್ಲು ಕಚ್ಚಿ ಕೂತುಬಿಟ್ಟೆ. ಅವ್ವನ ಮುಷ್ಟಿ ಬಹಳ ಹೊತ್ತು ಹಾಗೇ ಇತ್ತು.

ಮರುದಿನ ಮಾಮಾನ ಬಸ್ಸು ಹೊರಡುವ ಮೊದಲು ಹೇಗಾದರೂ ಸೀಡಿಯನ್ನು ಡಬ್ಬಿಗೆ ಸೇರಿಸಬೇಕೆಂದು ಚೀಲ ತೆರೆದೆ. ಭೂಗೋಳದ ಪುಸ್ತಕದೊಳಗೆ ಸೀಡಿ ಇರಲಿಲ್ಲ, ಐದು ಹುಣಸೆ ಬೀಜ ಇದ್ದವು. ಬುತ್ತಿ ಇಡಲು ಚೀಲಕ್ಕೆ ಕೈ ಹಾಕಿದವಳು ಅವ್ವನಲ್ಲದೆ ಇನ್ಯಾರು? ಆ ಸೀಡಿ ಸಮೇತ ಮಾಮಾ ಆಗಲೇ ಬಸ್ ಸ್ಟ್ಯಾಂಡಿಗೆ ಹೋಗಿಯಾಗಿತ್ತು. ಅವ್ವ ನನ್ನ ಜಡೆ ಹೆಣೆಯುತ್ತ ಕಿವಿಯ ಹತ್ತಿರ ಬಂದು ಹೇಳಿದಳು, "ನಿಮ್ಮ ದೊಡ್ಡಪ್ಪ ಕಾಟಿನ ಬುಡಕ ಹೊಕ್ಕಿದ್ದು... ಅದೊಂದು ಪೂರಾ ನೋಡಿದೆ ನೋಡವಾ." ನಕ್ಕಳು. ನಾನೂ ನಕ್ಕೆ. ಆದರೆ ಜಡೆ ಮುಗಿದ ಮೇಲೆ ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಲಿಲ್ಲ.

ವರ್ಷಗಳು ಕಳೆದು ವಾಡೆ ಬಿತ್ತು, ಬಾಗಿಲ ಸಮೇತ ಆ ಸೀಮೆಸುಣ್ಣದ ಬರಹವೂ ಹೋಯಿತು. ಅಪ್ಪ ಹೋದ. ಆ ಸಿನಿಮಾ ಮತ್ತೆ ಸಿಗುವ ಮೊದಲೇ ಅವ್ವನೂ ಹೋದಳು. ಆಮೇಲೆ ಒಂದು ಅಂಗಡಿಯಲ್ಲಿ ಸಿಕ್ಕಿತು, ಕೊಂಡುಕೊಂಡೆ. ದೊಡ್ಡಪ್ಪ, ಮೆತ್ತಗಾಗಿ, ಕೋಲೂರಿಕೊಂಡು ನಮ್ಮ ಮನೆಗೆ ಬಂದಿದ್ದರು. ಸಿನಿಮಾ ಹಾಕಿದೆ. ಮಗುವಿನಂತೆ ಮುಂದೆ ಬಾಗಿ ನೋಡಿದರು. ಅರ್ಧಕ್ಕೆ ಬಂದಾಗ ಆರಿಸಿ, "ಏಳ್ರಿ ದೊಡ್ಡಪ್ಪ, ರೊಟ್ಟಿ ಆರತಾವ" ಅಂದೆ. ಇಷ್ಟು ವರ್ಷ ಕಾದ ಮಾತು ಅದು. ಅವರು ಕೋಲು ಹಿಡಿದು ಎದ್ದರು. ತಾಟಿನ ಮುಂದೆ ಕೂತು, ರೊಟ್ಟಿ ಮುರಿಯುತ್ತ, ಥೇಟ್ ಅವ್ವನ ಹಾಗೆ ಮೆಲ್ಲಗೆ ಕೇಳಿದರು, "ಕಡೀಕ ಏನಾತವಾ?"

"ಎಲ್ಲಾರೂ ಸತ್ರು" ಅಂದೆ.

ದೊಡ್ಡಪ್ಪನ ಕೈ ನಿಂತಿತು. ಆ ಐದು ಬೀಜ ಇನ್ನೂ ನನ್ನ ಹತ್ತಿರ ಇವೆ. ಸಿನಿಮಾದ ಕೊನೆಯನ್ನು ನಾನೂ ಇವತ್ತಿನವರೆಗೆ ನೋಡಿಲ್ಲ.