ಕೈ ಒಡ್ಡು

ದೊಡ್ಡವ್ವನ ಕೊರಳಲ್ಲಿ ಯಾವಾಗಲೂ ಎರಡು ದಾರ ಇರುತ್ತಿದ್ದವು. ಒಂದು ಶಿವದಾರ, ಬೆವರಿಗೂ ವಿಭೂತಿಗೂ ಬೂದಿಬಣ್ಣಕ್ಕೆ ತಿರುಗಿದ್ದು. ಅದರ ತುದಿಯಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಅವಳ ಇಷ್ಟಲಿಂಗ. ಇನ್ನೊಂದು ಹಡಗಿನವರು ಕೊಟ್ಟ ಅಗಲ ಪಟ್ಟಿ, ಅದರ ತುದಿಯಲ್ಲಿ ಕೋಣೆಯ ಬಾಗಿಲು ತೆಗೆಯುವ ಕಾರ್ಡು. ಮೊದಲನೆಯದನ್ನು ಅವಳು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಎರಡನೆಯದರ ಬಣ್ಣ ಹಡಗು ಹತ್ತಿದಷ್ಟೂ ಏರುತ್ತ ಹೋಯಿತು. ಮೊದಲು ನೀಲಿ, ಆಮೇಲೆ ಬೆಳ್ಳಿ, ಕೊನೆಗೆ ಬಂಗಾರ. ಬಂಗಾರದ ಬಣ್ಣ ಬಂದ ವಾರವೆಲ್ಲ ಚೆನ್ನೈನ ಅಣ್ಣಾನಗರದ ಮನೆಯಲ್ಲೂ ಅದನ್ನು ಬಿಚ್ಚಲಿಲ್ಲ. ಅದನ್ನು ಹಾಕಿಕೊಂಡೇ ಗೇಟಿನ ಹತ್ತಿರ ನಿಂತು ತರಕಾರಿಯವನ ಜೊತೆ ಚೌಕಾಶಿ ಮಾಡುತ್ತಿದ್ದಳು.

ಬಂದರಿನ ತಪಾಸಣೆಯಲ್ಲಿ ಕರಡಿಗೆ ಪ್ರತಿ ಸಲ ಸದ್ದು ಮಾಡುತ್ತಿತ್ತು. ದೊಡ್ಡವ್ವ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಖಾಲಿ ಕರಡಿಗೆಯನ್ನು ಯಂತ್ರದೊಳಗೆ ಕಳಿಸಿ, ಮುಷ್ಟಿ ಬಿಚ್ಚದೆ ದಾಟಿಹೋಗುತ್ತಿದ್ದಳು. ಕೈಯಲ್ಲೇನಿದೆ ತೋರಿಸಿ ಎಂದು ಒಬ್ಬಳು ಕಾವಲಿನವಳು ಒತ್ತಾಯ ಮಾಡಿದಾಗ ಅವಳು ಕೊಟ್ಟ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಪೂರ್ತಿ ತಿರುಗಿಸಿದ್ದರೆ ಇಬ್ಬರನ್ನೂ ಅಲ್ಲೇ ಕೂರಿಸುತ್ತಿದ್ದರು.

ಅವಳು ನನ್ನ ಅವ್ವನ ಅಕ್ಕ. ಹುಬ್ಬಳ್ಳಿಯಿಂದ ಮದುವೆಯಾಗಿ ಮದ್ರಾಸಿಗೆ ಬಂದವಳು. ಗಂಡ ನೀರೆತ್ತುವ ಪಂಪುಗಳ ವ್ಯಾಪಾರಿ. ಪಂಪಿನ ಕಂಪನಿಯವರು ವ್ಯಾಪಾರಿಗಳನ್ನೆಲ್ಲ ಒಮ್ಮೆ ಸಿಂಗಪುರದಿಂದ ಹಡಗು ಹತ್ತಿಸಿದ್ದರು, ಹೆಂಡತಿಯರ ಸಮೇತ. ಮರುವರ್ಷ ದೊಡ್ಡಪ್ಪ ತೀರಿಹೋದ. ಮಗನಿಗೆ ಆಗ ಹನ್ನೆರಡನೇ ತರಗತಿಯ ಪರೀಕ್ಷೆ ನಡೆದಿತ್ತು. ಅವನನ್ನು ಇಲ್ಲೇ ನಮ್ಮ ಮನೆಯಲ್ಲಿ ಬಿಟ್ಟು, ಹೆಣವನ್ನು ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿ ಬಂದರು. ಆಮೇಲೆ ಅಂಗಡಿಯನ್ನು ದೊಡ್ಡವ್ವನೇ ನಡೆಸಿದಳು. ಮಗ ಅಂಬತ್ತೂರಿನಲ್ಲಿ ಸ್ವಂತ ಕಾರ್ಖಾನೆ ಹಾಕಿದ ಮೇಲೆ ಅಂಗಡಿ ಮುಚ್ಚಿ, ಹಡಗು ಹತ್ತತೊಡಗಿದಳು. ಹದಿನಾಲ್ಕು ಸಲ ಹತ್ತಿದಳು. ಹನ್ನೊಂದು ಸಲ ನಾನು ಜೊತೆಗಿದ್ದೆ.

ಜೊತೆಗಿದ್ದೆ ಅನ್ನುವುದು ದೊಡ್ಡ ಮಾತಾಯಿತು. ಹಡಗಿನ ಕೋಣೆ ಒಬ್ಬರಿಗೆ ಬೇಕೆಂದರೂ ಇಬ್ಬರ ಬಾಡಿಗೆಯನ್ನೇ ಹಿಡಿಯುತ್ತಾರೆ. “ಹಾಸಿಗಿ ಸುಮ್ನ ಖಾಲಿ ಹೊಕ್ಕೈತಿ, ಬಾ,” ಎಂದು ಅವಳು ನನ್ನನ್ನು ಕರೆದದ್ದು. ನಾನು ಮದುವೆಯಾಗದವಳು, ಕ್ರೋಂಪೇಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಹೇಳಿದ ಕೂಡಲೇ ಹೊರಡಬಲ್ಲವಳು ಎಂದು ಮನೆಯವರೆಲ್ಲ ನನ್ನ ಬಗ್ಗೆ ತೀರ್ಮಾನಿಸಿ ಬಹಳ ವರ್ಷವಾಗಿತ್ತು. ನನ್ನ ರಜೆಯೆಲ್ಲ ಆ ಎರಡನೇ ಹಾಸಿಗೆಯಲ್ಲಿ ಮುಗಿಯಿತು.

ಹಡಗಿನ ಬಗ್ಗೆ ಅವಳಿಗೆ ಅಭಿಪ್ರಾಯಗಳಿದ್ದವು, ಮತ್ತು ಅವು ಬದಲಾಗುತ್ತಿರಲಿಲ್ಲ. ಕೋಣೆ ಕೆಳಗಿನ ಅಂತಸ್ತಿನಲ್ಲಿರಬೇಕು, ಹಡಗಿನ ಸರಿಯಾಗಿ ನಡುವೆ ಇರಬೇಕು, ಒಳಗಿನದಾಗಿರಬೇಕು. ಒಳಗಿನದು ಎಂದರೆ ಕಿಟಕಿಯಿಲ್ಲದ್ದು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಒಂದೇ ಒಂದು ಸಲ ಬಾಲ್ಕನಿ ಇರುವ ಕೋಣೆ ತೆಗೆದುಕೊಳ್ಳೋಣ ಎಂದು ನಾನು ಗೋಗರೆದೆ.

“ಕಿಟಕಿ ಯಾಕ ಬೇಕವಾ? ಹೊರಗ ನೀರು, ಮ್ಯಾಲ ಮುಗಿಲು. ಅಣ್ಣಾನಗರದಾಗ ಎದುರಮನಿಯವ್ರಾದ್ರೂ ಕಾಣತಾರ,” ಎಂದಳು.

ಊಟದ ವಿಷಯ ಬಂದರೆ ಮೇಲಿನ ಅಂತಸ್ತಿನ ಬಫೆ ಅವಳಿಗೆ ಆಗದು. “ತಾಟು ಹಿಡ್ಕೊಂಡು ಸಾಲಿನ್ಯಾಗ ನಿಂದ್ರಾಕ ಹಡಗು ಹತ್ತಬೇಕೇನು? ಕೋಯಂಬೇಡು ಬಸ್‌ಸ್ಟ್ಯಾಂಡಿನ್ಯಾಗ ನಿಂತ್ರ ಆತು.” ಕೆಳಗಿನ ಭೋಜನಶಾಲೆಯಲ್ಲಿ, ದಿನವೂ ಅದೇ ಮೇಜಿಗೆ, ಅದೇ ಬಡಿಸುವವನ ಹತ್ತಿರ ಕೂರಬೇಕು. ಮೊದಲ ದಿನವೇ ಅವನಿಗೆ ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟು ಮೊಸರಿನ ವಿಷಯ ತಿಳಿಸುತ್ತಿದ್ದಳು. ಮೊಸರು ಕೇಳಿದರೆ ಹಣ್ಣು ಹಾಕಿದ ಸಿಹಿ ಮೊಸರು ತಂದುಕೊಡುವ ಹಡಗನ್ನು ಅವಳು ಜನ್ಮದಲ್ಲಿ ಕ್ಷಮಿಸಲಿಲ್ಲ. ಈಜುಕೊಳದತ್ತ ತಿರುಗಿಯೂ ನೋಡುತ್ತಿರಲಿಲ್ಲ. “ನಾವು ನೀರಿನ ಮ್ಯಾಲ ಇರಾಕ ಬಂದೇವಿ, ನೀರಾಗ ಇರಾಕ ಅಲ್ಲ,” ಅನ್ನುತ್ತಿದ್ದಳು. ಇಳಿಯುವ ಹಿಂದಿನ ದಿನ ಕೊಡುವ ಅಭಿಪ್ರಾಯದ ಹಾಳೆಯನ್ನು ನಾನು ತುಂಬಬೇಕು, ಅವಳು ಹೇಳಬೇಕು. ಮೊಸರಿಗೆ ಹತ್ತಕ್ಕೆ ಎರಡು. ಟವೆಲ್ಲು ಮಡಚಿ ಹಾಸಿಗೆಯ ಮೇಲೆ ಕೋತಿ ಮಾಡಿ ಇಟ್ಟದ್ದಕ್ಕೆ ಸೊನ್ನೆ, ಯಾಕೆಂದರೆ ಮುಖ ಒರೆಸುವ ವಸ್ತುವಿಗೆ ಮುಖ ಇರಬಾರದು. ಅದನ್ನು ಹಾಗೇ ಬರೆ ಎಂದಳು. ಬರೆದೆ.

ಇನ್ನು ಹಡಗು ಹೋಗುವ ಊರುಗಳು. ಬಂದರು ಕಡಿಮೆ ಇದ್ದು, ಬರೀ ಸಮುದ್ರದ ಮೇಲೆ ಕಳೆಯುವ ದಿನಗಳು ಹೆಚ್ಚಿದ್ದರೆ ಅದು ಒಳ್ಳೆಯ ಪ್ರಯಾಣ. ಬಂದರು ಬಂದರೂ ನಾವು ಇಳಿಯುವಂತಿಲ್ಲ. “ಊರು ನೋಡಾಕ ಹಡಗು ಯಾಕ? ಎಲ್ಲಾರೂ ಇಳಿದ ಮ್ಯಾಲ ಹಡಗು ಎಷ್ಟು ಚೊಲೋ ಇರತೈತಿ ನೋಡು.” ಹೀಗೆ ನಾನು ಪುಕೆಟ್ ನೋಡಿದ್ದು ಹಡಗಿನ ಅಂಚಿನ ಕಟಕಟೆಗೆ ಆತು ನಿಂತು. ಸಿಂಗಪುರ ಕಂಡದ್ದು ವಿಮಾನ ನಿಲ್ದಾಣದಿಂದ ಬಂದರಿನವರೆಗೆ. ಲೈಬ್ರರಿಯಲ್ಲಿ ಎಲ್ಲರೂ ನನ್ನನ್ನು ಫಾರಿನ್ ಮೇಡಂ ಅನ್ನುತ್ತಿದ್ದರು. ಯಾವ ಫಾರಿನ್ನಿನ ಮಣ್ಣೂ ನನ್ನ ಚಪ್ಪಲಿಗೆ ಹತ್ತಿರಲಿಲ್ಲ.

ಈ ಅಭಿಪ್ರಾಯಗಳಿಗೆಲ್ಲ ಬೇರು ಒಂದೇ, ಮತ್ತು ಅದು ನನಗೆ ಮೊದಲ ಪ್ರಯಾಣದ ಮೊದಲ ಬೆಳಗ್ಗೆಯೇ ಗೊತ್ತಾಗಿತ್ತು. ದೊಡ್ಡವ್ವ ಲಿಂಗಪೂಜೆಯಾಗದೆ ನೀರನ್ನೂ ಕುಡಿಯುವವಳಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಿ, ಒಣಗಿದ ಬಿಲ್ವಪತ್ರೆ ಏರಿಸಿ, ಕಣ್ಣು ಕೀಲಿಸಿ ಕೂತರೆ ಒಂದು ತಾಸು. ಹಡಗು ತೂಗಾಡಿದರೆ ಲಿಂಗ ಜಾರಬಹುದು. ಕೆಳಗಿನ ಅಂತಸ್ತು, ನಡುವಿನ ಕೋಣೆ, ಅಲ್ಲಿ ಎಲ್ಲಕ್ಕಿಂತ ಕಡಿಮೆ ತೂಗಾಟ. ಬಂದರಿಗೆ ತಾಗುವ ಬೆಳಗ್ಗೆ ಎಂಜಿನ್ನು ಅದುರುವುದರಿಂದ ಪೂಜೆ ಶುರುವಾಗುವುದು ಹಗ್ಗ ಕಟ್ಟಿ ಹಡಗು ನಿಂತ ಮೇಲೆ. ಅಷ್ಟು ಹೊತ್ತಿಗೆ ಊರು ತೋರಿಸುವ ಬಸ್ಸು ಹೋಗಿರುತ್ತಿತ್ತು.

ಮತ್ತು ಪ್ರತಿ ಬೆಳಗ್ಗೆ, ಕಣ್ಣು ಕೀಲಿಸುವ ಮೊದಲು, ನನ್ನತ್ತ ನೋಡದೆ ಅವಳು ಹೇಳುತ್ತಿದ್ದದ್ದು ಎರಡೇ ಶಬ್ದ. “ಕೈ ಒಡ್ಡು.”

ನಾನು ಎದುರು ಕೂತು ಅವಳ ಅಂಗೈಯ ಕೆಳಗೆ ನನ್ನ ಎರಡೂ ಕೈ ಒಡ್ಡಬೇಕು, ಲಿಂಗ ಜಾರಿದರೆ ಹಿಡಿಯಲು. ಒಂದು ತಾಸು ಹಾಗೇ. ಕೈ ಒಡ್ಡುವುದು ಎಂದರೆ ಬೇಡುವುದು ಎಂದೇ ನಮ್ಮಲ್ಲಿ ಅರ್ಥ. ಯಾರ ಮುಂದೂ ಕೈ ಒಡ್ಡಬೇಡ ಎಂದು ನನ್ನ ಅವ್ವ ಸಾಯುವತನಕ ಹೇಳಿದವಳು. ಅವಳ ಅಕ್ಕನ ಮುಂದೆ ನಾನು ದಿನವೂ ಒಡ್ಡಿದೆ, ಅದೂ ಏನೂ ಬೇಡದೆ. “ನಿನ್ನ ಲಿಂಗ ಎಲ್ಲೈತಿ?” ಎಂದು ಒಮ್ಮೆ ಕೇಳಿದಳು. ಬೀರುವಿನಲ್ಲಿದೆ ಎಂದೆ. “ಸೀರಿ ಸಂಗಾತೇನು?” ಎಂದಳು. ನನಗೆ ಬಹಳ ಸಿಟ್ಟು ಬಂತು, ಯಾಕೆಂದರೆ ಅದು ಸೀರೆಗಳ ನಡುವೆಯೇ ಇತ್ತು.

ನಾನು ಜೊತೆಗಿದ್ದ ಹತ್ತನೇ ಪ್ರಯಾಣ ಚೆನ್ನೈ ಬಂದರಿನಿಂದಲೇ, ಶ್ರೀಲಂಕಾದ ಕಡೆಗೆ. ಟ್ರಿಂಕೋಮಲಿಯಲ್ಲಿ ಹಡಗನ್ನು ಕಟ್ಟಿದ್ದರು. ಎಂಜಿನ್ನಿನ ಸದ್ದಿಲ್ಲ, ಮೇಜಿನ ಮೇಲಿನ ಲೋಟದ ನೀರು ಮಿಸುಕುತ್ತಿಲ್ಲ. ಆದರೂ ನನ್ನ ಕೈಗಳ ಮೇಲೆ ಅವಳ ಕೈ ನಡುಗುತ್ತಿತ್ತು. ನಾನು ತಲೆಯೆತ್ತಿದೆ. ಅವಳ ಕಣ್ಣು ಲಿಂಗದ ಮೇಲಿರಲಿಲ್ಲ, ನನ್ನ ಮೇಲಿತ್ತು.

“ಹಡಗು ಅಲಗಾಡಾಕತ್ತೈತಿ,” ಎಂದಳು.

“ಹೂಂ,” ಎಂದೆ.

ಆವತ್ತು ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಇನ್ನು ಇವಳು ನನ್ನನ್ನು ಯಾವತ್ತೂ ಬಿಡುವುದಿಲ್ಲ ಎಂದಷ್ಟೇ ಅನ್ನಿಸಿತು.

ಹನ್ನೊಂದನೆಯ ಪ್ರಯಾಣದಲ್ಲಿ ಪಿನಾಂಗ್ ಬಂತು. ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಕನ್ನಡಿಯ ಹತ್ತಿರ ಚೀಟಿ ಇಟ್ಟು ಇಳಿದುಬಿಟ್ಟೆ. ಐವತ್ತು ದಾಟಿದವಳು ಶಾಲೆ ತಪ್ಪಿಸಿ ಓಡುವ ಹುಡುಗಿಯ ಹಾಗೆ ಓಡಿದೆ. ಗೊತ್ತಿದ್ದೇ ಹೋದೆ. ಅವಳ ಕೈಯ ವಿಷಯ ಗೊತ್ತಿದ್ದದ್ದು ಆ ಹಡಗಿನಲ್ಲಿ ನನಗೊಬ್ಬಳಿಗೆ. ಅಲ್ಲಿ ನಾನು ನೋಡಿದ್ದೇನೂ ವಿಶೇಷವಿಲ್ಲ. ಒಂದು ಬೀದಿ ಉದ್ದಕ್ಕೂ ನಡೆದೆ, ಎಳನೀರು ಕುಡಿದೆ, ಒಂದು ಗುಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತೆ. ನೆಲ ಬಿಸಿಯಾಗಿತ್ತು. ಬಹಳ ಸುಖವಾಗಿತ್ತು.

ಸಂಜೆ ನಾಲ್ಕಕ್ಕೆ ಬಾಗಿಲು ತೆಗೆದರೆ ದೊಡ್ಡವ್ವ ನೆಲದ ಮೇಲೆ, ಮಂಚಕ್ಕೆ ಒರಗಿ ಕೂತಿದ್ದಳು. ಹಣೆಯ ವಿಭೂತಿ ಒಣಗಿ ಉದುರಿತ್ತು. ಎಡಗೈ ಇನ್ನೂ ತೆರೆದೇ ಇತ್ತು, ಖಾಲಿಯಾಗಿ. ಲಿಂಗ ಜಾರಿ ಮಂಚದ ಕೆಳಗೆ ಉರುಳಿಹೋಗಿತ್ತು. ಅವಳಿಗೆ ಬಗ್ಗಲಾಗಿಲ್ಲ, ಕೋಣೆ ಗುಡಿಸುವವನನ್ನು ಮುಟ್ಟಗೊಟ್ಟಿಲ್ಲ. ಬೆಳಗಿನಿಂದ ಒಂದು ಹನಿ ನೀರು ಕುಡಿದಿಲ್ಲ. ಲಿಂಗ ಕಳೆದುಕೊಂಡವರು ಬದುಕಿದ್ದೂ ಇಲ್ಲದವರು ಎಂದು ನಂಬಿದ ಕಾಲದ ಹೆಂಗಸು ಅವಳು. ನಾನು ಹೊಟ್ಟೆಯ ಮೇಲೆ ತೆವಳಿ, ನೇರಳೆಹಣ್ಣಿನಷ್ಟಿದ್ದ ಅದನ್ನು ಧೂಳಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಮುಷ್ಟಿ ಕಟ್ಟಿ ಎದೆಗೊತ್ತಿಕೊಂಡಳು. ಆಮೇಲೆ ಕೇಳಿದಳು.

“ಊರು ಚೊಲೋ ಇತ್ತೇನು?”

ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಆ ಪ್ರಶ್ನೆಗೆ ನನ್ನ ಮೈಯೆಲ್ಲ ಉರಿಯಿತು. ಹನ್ನೊಂದು ಪ್ರಯಾಣದ ಕಹಿಯನ್ನೆಲ್ಲ ಅಲ್ಲೇ ಕಕ್ಕಿದೆ. ನಾನು ನಿನ್ನ ಎರಡನೇ ಹಾಸಿಗೆ, ಖಾಲಿ ಬಿಡಬಾರದೆಂದು ಕರೆತಂದವಳು, ನನ್ನನ್ನು ಒಂದು ದಿನ ನೆಲಕ್ಕೆ ಕಾಲಿಡಲು ಬಿಟ್ಟೆಯಾ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಹಾಸಿಗಿ ಅಂತ ಕರದಿದ್ದು ಖರೇ. ಕೈ ನಡಗತೈತಿ ಅಂತ ಹೆಂಗ ಹೇಳ್ಲಿ?” ಎಂದಳು. ಮುಷ್ಟಿ ಬಿಚ್ಚದೆ, “ಇನ್ನ ಹಡಗು ಸಾಕು. ಒಂದ ಕೆಲಸ ಉಳದೈತಿ. ಕಡೀಕ ನನ್ನ ಮಣ್ಣಾಗ ಇಡುವಾಗ ಲಿಂಗ ನನ್ನ ಕೈಯಾಗ ಇರಬೇಕು. ಹುಡುಗಗ ಇದೆಲ್ಲಾ ಗೊತ್ತಿಲ್ಲ, ಅವರಪ್ಪನ ಮಣ್ಣಿಗೂ ಬಂದಿಲ್ಲ ಅಂವ. ಅವತ್ತೊಂದ ದಿನ ಕೈ ಒಡ್ಡು,” ಎಂದಳು.

ನಾನು ಹೂಂ ಅನ್ನಲಿಲ್ಲ. ಸೂಟ್‌ಕೇಸ್ ತುಂಬತೊಡಗಿದೆ.

ಆಮೇಲೆ ಏಳು ತಿಂಗಳು ನಾನು ಅಣ್ಣಾನಗರಕ್ಕೆ ಹೋಗಲಿಲ್ಲ. ಅವಳು ಎರಡು ಸಲ ಫೋನ್ ಮಾಡಿದಳು. ಲೈಬ್ರರಿಯಲ್ಲಿ ಪುಸ್ತಕಗಳ ತಪಾಸಣೆ ನಡೆದಿದೆ ಎಂದು ಸುಳ್ಳು ಹೇಳಿದೆ. ಒಂದು ಬೆಳಗ್ಗೆ ಮಗನ ಫೋನ್ ಬಂತು. ಆಸ್ಪತ್ರೆಗೆ ಒಯ್ದ ಎರಡು ತಾಸಿನಲ್ಲಿ ಮುಗಿದಿತ್ತು.

ನಾನು ಹೋದಾಗ ಹನ್ನೊಂದು ಗಂಟೆ. ಅಪಾರ್ಟ್‌ಮೆಂಟಿನ ಸಂಘದವರು ವಿದ್ಯುತ್ ಚಿತಾಗಾರಕ್ಕೆ ಹೇಳಿ ವ್ಯಾನ್ ತರಿಸಿದ್ದರು. ಊರಿನವರು ಇನ್ನೂ ರೈಲು ಹತ್ತಿರಲಿಲ್ಲ. ಮಗನ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ಅದರಲ್ಲಿ ಬಳೆ, ಕನ್ನಡಕ, ಕರಡಿಗೆ. ಶಿವದಾರವನ್ನು ಕತ್ತರಿಯಿಂದ ಕತ್ತರಿಸಿದ್ದರು. ಅವನು ಒಳ್ಳೆಯವನು. ತಮಿಳಿನಲ್ಲಿ ಓದಿ ತಮಿಳಿನಲ್ಲಿ ಬೆಳೆದವನು, ಅವ್ವನ ಕನ್ನಡಕ್ಕೆ ಜೀವಮಾನವಿಡೀ ತಮಿಳಿನಲ್ಲೇ ಉತ್ತರ ಕೊಟ್ಟವನು. ಅತ್ತು ಅತ್ತು ಕಣ್ಣು ಊದಿದ್ದವು. ನನ್ನನ್ನು ಕಂಡದ್ದೇ ಪಕ್ಕಕ್ಕೆ ಕರೆದ.

“ಅಕ್ಕಾ, ನಮ್ಮ ವಳಕ್ಕಂ ಏದಾವದು ಇರುಕ್ಕಾ?” ನಮ್ಮಲ್ಲಿ ಮಾಡಬೇಕಾದ ಪದ್ಧತಿ ಏನಾದರೂ ಇದೆಯೇ ಎಂದು ಕೇಳಿದ.

ಒಂದು ಮಾತು ಸಾಕಿತ್ತು. ಸುಡುವುದಿಲ್ಲ, ಮಣ್ಣು ಮಾಡುತ್ತಾರೆ ಎಂದಿದ್ದರೆ ಅವನು ವ್ಯಾನನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದ. ನಾನು ಗಾಜಿನ ಪೆಟ್ಟಿಗೆಯಲ್ಲಿದ್ದ ಅವಳ ಮುಖ ನೋಡಿದೆ. ಕಟಕಟೆ ಹಿಡಿದು ದೂರದಿಂದ ನೋಡಿದ ಊರುಗಳೆಲ್ಲ ಒಟ್ಟಿಗೆ ನೆನಪಾದವು. ನನ್ನನ್ನು ನೆಲಕ್ಕಿಳಿಯಲು ಬಿಡದವಳು ಅವಳು.

“ಅಪ್ಪಡಿ ಒಣ್ಣುಂ ಇಲ್ಲೆ,” ಎಂದೆ. ಹಾಗೇನೂ ಇಲ್ಲ ಎಂದೆ.

ಹನ್ನೆರಡೂವರೆಗೆ ವ್ಯಾನ್ ಹೊರಟಿತು. ಅದು ತಿರುವು ದಾಟುವಷ್ಟರಲ್ಲಿ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. ಆಗಲೂ ಫೋನ್ ಮಾಡಿ ತಡೆಯಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಮಾಡಿದರೆ ಮೊದಲು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ ಎಂದು ಹೆದರಿದೆ.

ಮೂರನೆಯ ದಿನ ಅವನು ಬೆಸೆಂಟ್ ನಗರದ ದಡಕ್ಕೆ ಹೋಗಿ ಬೂದಿಯನ್ನು ಸಮುದ್ರಕ್ಕೆ ಬಿಟ್ಟ. ಅಮ್ಮನಿಗೆ ಸಮುದ್ರ ಎಂದರೆ ಪ್ರಾಣ ಎಂದು ಬಂದವರಿಗೆಲ್ಲ ಹೇಳಿದ, ಬಂದವರೆಲ್ಲ ತಲೆಯಾಡಿಸಿದರು. ನೀರಿನ ಮ್ಯಾಲ ಇರಾಕ, ನೀರಾಗ ಅಲ್ಲ ಎಂದು ಅವಳು ಹೇಳಿದ್ದನ್ನು ಕೇಳಿದವಳು ಅಲ್ಲಿ ನಾನೊಬ್ಬಳೇ. ಪ್ಲಾಸ್ಟಿಕ್ ಚೀಲದಿಂದ ಕರಡಿಗೆ ತೆಗೆದು, ಇದು ನಿಮ್ಮ ಹತ್ತಿರವೇ ಇರಲಿ ಅಕ್ಕ, ನಿಮಗೇ ಗೊತ್ತು ಎಂದು ನನ್ನ ಕೈಗೆ ಕೊಟ್ಟ. ನಾನು ಕೈ ಒಡ್ಡಿ ತೆಗೆದುಕೊಂಡೆ.

ಸತ್ತವರ ಜೊತೆ ಹೋಗಬೇಕಾದದ್ದು ನನ್ನ ಮನೆಯಲ್ಲಿದೆ. ಅದನ್ನು ಏನು ಮಾಡಬೇಕೆಂದು ಊರಿನ ಮಠದಲ್ಲಿ ಕೇಳಬಹುದು. ಕೇಳಿದರೆ ನಡೆದದ್ದೆಲ್ಲ ಹೇಳಬೇಕಾಗುತ್ತದೆ. ಹೇಳಲಾರದೆ ಬರೆಯುತ್ತಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಬೀರು ತೆಗೆದು, ಸೀರೆಗಳ ನಡುವಿನ ನನ್ನದನ್ನು ಅಲ್ಲೇ ಬಿಟ್ಟು, ಅವಳದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತೇನೆ. ಕೆಳಗೆ ಬಲಗೈ ಒಡ್ಡಿರುತ್ತೇನೆ. ನಮ್ಮ ಕಟ್ಟಡ ಹಳಿಗೆ ಹತ್ತಿರ, ಲೋಕಲ್ ಟ್ರೇನು ಹೋದಾಗ ಕಿಟಕಿ ಅದುರುತ್ತದೆ. ಅಂಗೈಯಲ್ಲಿ ಲಿಂಗ ಅಲುಗಿದಾಗ ಟ್ರೇನು ಹೋಯಿತು ಅಂದುಕೊಳ್ಳುತ್ತೇನೆ. ಟ್ರೇನು ಇಲ್ಲದಾಗಲೂ ಹಾಗೇ ಅಂದುಕೊಳ್ಳುತ್ತೇನೆ.